ಕನ್ನಡ ಸಾರಾಂಶವೂ ಇರುವ ಮಹಾಪ್ರಬಂಧಕ್ಕೆ ಯಾವ ಆನ್‌ಲೈನ್ ಲೇಟೆಕ್ ಸಂಪಾದಕ ಸೂಕ್ತ?

ಪ್ರಶ್ನೆ: ಸಂಶೋಧನಾ ವಿದ್ಯಾರ್ಥಿನಿ, ಕಾರವಾರ

ಎಲ್ಲರಿಗೂ ನಮಸ್ಕಾರ. ಕಾಳಿ ನದಿಯ ಅಳಿವೆಯ ಜೀವಿಗಳ ಕುರಿತು ಪಿಎಚ್.ಡಿ. ಮಹಾಪ್ರಬಂಧ ಬರೆಯುತ್ತಿದ್ದೇನೆ. ಪ್ರಬಂಧ ಇಂಗ್ಲಿಷಿನಲ್ಲಿದ್ದರೂ ಅದರಲ್ಲಿ ಕನ್ನಡದ ಸಾರಾಂಶವೊಂದು ಇರುತ್ತದೆ. ಕೋಷ್ಟಕಗಳಲ್ಲಿಯೂ ಬಂಗಡೆ, ತಾರ್ಲೆ, ಬಳಚು ಮುಂತಾದ ಸ್ಥಳೀಯ ಹೆಸರುಗಳು ಕನ್ನಡ ಲಿಪಿಯಲ್ಲೇ ಬರಬೇಕು. ಧಾರವಾಡದಲ್ಲಿರುವ ಮಾರ್ಗದರ್ಶಕರು ಕರಡಿನ ಮೇಲೆಯೇ ಟಿಪ್ಪಣಿ ಬರೆಯಲು ಬಯಸುವುದರಿಂದ ಓವರ್‌ಲೀಫ್ ಎಂಬ ಆನ್‌ಲೈನ್ ಲೇಟೆಕ್ (ಆದೇಶಗಳನ್ನು ಬರೆದು ಪುಟವಿನ್ಯಾಸ ಮಾಡುವ ವ್ಯವಸ್ಥೆ) ಸಂಪಾದಕವನ್ನು ಬಳಸೋಣವೆಂದುಕೊಂಡಿದ್ದೇನೆ. ಆದರೆ ಮಳೆಗಾಲದಲ್ಲಿ ಇಲ್ಲಿ ಕರೆಂಟು ಹೋದರೆ ಇಂಟರ್ನೆಟ್ಟೂ ಹೋಗುತ್ತದೆ, ಹಣ ಕೊಟ್ಟು ಚಂದಾದಾರಳಾಗುವುದು ಸದ್ಯಕ್ಕೆ ಸಾಧ್ಯವಿಲ್ಲ. ಅನುಭವಿಗಳು ದಯವಿಟ್ಟು ಸಲಹೆ ನೀಡಬೇಕು.

ಉತ್ತರ 1: ಗಣಿತ ಉಪನ್ಯಾಸಕ, ಶಿರಸಿ

ಮಾರ್ಗದರ್ಶಕರ ಟಿಪ್ಪಣಿಯೇ ಮುಖ್ಯವಾಗಿದ್ದರೆ ಓವರ್‌ಲೀಫನ್ನೇ ಆರಿಸಿಕೊಳ್ಳಿ. 2012ರಲ್ಲಿ ರೈಟ್‌ಲೇಟೆಕ್ ಎಂಬ ಹೆಸರಿನಿಂದ ಆರಂಭವಾಗಿ, 2017ರಲ್ಲಿ ಶೇರ್‌ಲೇಟೆಕ್ ಎಂಬ ಇನ್ನೊಂದು ಆನ್‌ಲೈನ್ ಸಂಪಾದಕವನ್ನೂ ತನ್ನೊಳಗೆ ಸೇರಿಸಿಕೊಂಡ ಈ ಸೇವೆಯಲ್ಲಿ ಅನೇಕ ನಿಯತಕಾಲಿಕಗಳ ಮಾದರಿ ಕಡತಗಳು ಸಿದ್ಧವಾಗಿ ಸಿಗುತ್ತವೆ. ಉಚಿತ ಖಾತೆಯಲ್ಲಿ ಟಿಪ್ಪಣಿ ಬರೆಯಬಹುದು. ಆದರೆ ತಿದ್ದುಪಡಿಗಳನ್ನು ಗುರುತಿಸಿ ತೋರಿಸುವ ಸೌಲಭ್ಯಕ್ಕೂ ಗಿಟ್ (ಕಡತಗಳ ಆವೃತ್ತಿಗಳನ್ನು ನಿರ್ವಹಿಸುವ ತಂತ್ರಾಂಶ) ಜೋಡಣೆಗೂ ಹಣ ಕೊಡಬೇಕು, ಹಳೆಯ ಆವೃತ್ತಿಗಳ ಇತಿಹಾಸವೂ ಕೊನೆಯ 24 ಗಂಟೆಗಳದ್ದು ಮಾತ್ರ ಕಾಣುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ನಿಜವಾಗಿ ಯೋಚಿಸಬೇಕಾದದ್ದು ಕನ್ನಡದ ಭಾಗ. ಲೇಟೆಕ್ ಕಡತವನ್ನು ಪಿಡಿಎಫ್ ಆಗಿಸುವ ಸಾಮಾನ್ಯ ಎಂಜಿನ್ ಆದ ಪಿಡಿಎಫ್‌ಲೇಟೆಕ್‌ನಿಂದ ಈ ಕೆಲಸ ಆಗದು, ಏಕೆಂದರೆ ಒತ್ತಕ್ಷರಗಳನ್ನು ಸರಿಯಾದ ಸ್ಥಾನದಲ್ಲಿ ಕೂರಿಸುವ ನಿಯಮಗಳು ಓಪನ್‌ಟೈಪ್ ಅಕ್ಷರಶೈಲಿಯೊಳಗೇ ಇರುತ್ತವೆ, ಅವುಗಳನ್ನು ಓದುವ ಶಕ್ತಿ ಆ ಎಂಜಿನ್‌ಗೆ ಇಲ್ಲ. ಆದ್ದರಿಂದ ಮೆನುವಿನಲ್ಲಿ ಜೀಲೇಟೆಕ್ (XeLaTeX) ಎಂಬ ಎಂಜಿನ್ ಆರಿಸಿ, ಅಕ್ಷರಶೈಲಿಗಳನ್ನು ಕರೆಯಲು ನೆರವಾಗುವ ಫಾಂಟ್‌ಸ್ಪೆಕ್ ಪ್ಯಾಕೇಜ್ ಸೇರಿಸಿ, ನೋಟೋ ಸೆರಿಫ್ ಕನ್ನಡ ಅಕ್ಷರಶೈಲಿಯ ಕಡತವನ್ನು ಯೋಜನೆಯೊಳಗೇ ಅಪ್‌ಲೋಡ್ ಮಾಡಿ ಕರೆಯಿರಿ. ಕರೆಯುವಾಗ ಲಿಪಿ ಕನ್ನಡ ಎಂದು ನಮೂದಿಸಲು ಮರೆತರೆ ಒತ್ತುಗಳು ಬಿಡಿಬಿಡಿಯಾಗಿ ಮುದ್ರಣವಾಗುತ್ತವೆ. ಲುವಾಲೇಟೆಕ್ ಎಂಬ ಇನ್ನೊಂದು ಎಂಜಿನ್ ಬಳಸುವುದಾದರೆ ಹಾರ್ಫ್‌ಬಜ್ ರೆಂಡರರ್ (ಅಕ್ಷರಗಳನ್ನು ಜೋಡಿಸುವ ಭಾಗ) ಬೇಕೆಂದೂ ಹೇಳಬೇಕು. ಸಾರಾಂಶವನ್ನು ಯಾರಾದರೂ ನುಡಿ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರಶೈಲಿಯಲ್ಲಿ ಟೈಪು ಮಾಡಿಕೊಟ್ಟಿದ್ದರೆ (ನಮ್ಮ ಕಚೇರಿಗಳಲ್ಲಿ ಈ ಪದ್ಧತಿ ಇನ್ನೂ ಹೋಗಿಲ್ಲ) ಅದನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ಇಲ್ಲವಾದರೆ ಯಾವ ಸಂಪಾದಕದಲ್ಲಿಯೂ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿಯೇ ಕಾಣುತ್ತದೆ.

ಉತ್ತರ 2: ಕುಮಟಾದಿಂದ ಒಬ್ಬರು

ದತ್ತಾಂಶದ ವಿಶ್ಲೇಷಣೆಯನ್ನು ಪೈಥಾನ್ ಅಥವಾ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮಾಡುತ್ತಿದ್ದರೆ ಕೋಕ್ಯಾಲ್ಕ್ ಎಂಬ ಆನ್‌ಲೈನ್ ಸೇವೆಯನ್ನೂ ನೋಡಬಹುದು, ಅಲ್ಲಿ ಲೆಕ್ಕ ಮತ್ತು ಬರವಣಿಗೆ ಒಂದೇ ಕಡೆ ನಡೆಯುತ್ತವೆ. ಬರವಣಿಗೆ ಮಾತ್ರವಾದರೆ ಅದರ ಅಗತ್ಯ ನನಗೆ ಕಾಣುವುದಿಲ್ಲ.

ಪ್ರಶ್ನೆ ಕೇಳಿದವರು

ಧನ್ಯವಾದಗಳು ಸರ್. ಜೀಲೇಟೆಕ್‌ನಲ್ಲಿ ಒತ್ತಕ್ಷರಗಳು ಸರಿಯಾಗಿ ಬಂದವು. ಆದರೆ ಮಾದರಿ ಸಂಗ್ರಹದ ಛಾಯಾಚಿತ್ರಗಳಿರುವ ಅಧ್ಯಾಯವನ್ನು ಸೇರಿಸಿದ ಮೇಲೆ ಸಮಯದ ಮಿತಿ ಮೀರಿತೆಂಬ ಸಂದೇಶ ಬಂದು ಪಿಡಿಎಫ್ ಸಿದ್ಧವಾಗುತ್ತಿಲ್ಲ.

ಉತ್ತರ 3: ಅರಣ್ಯಶಾಸ್ತ್ರದ ಸಂಶೋಧಕ, ಶಿರಸಿ

ಉಚಿತ ಖಾತೆಯಲ್ಲಿ ಪ್ರತಿ ಕಂಪೈಲ್‌ಗೂ (ಕಡತವನ್ನು ಪಿಡಿಎಫ್ ಆಗಿಸುವ ಕ್ರಿಯೆಗೂ) ಸಮಯದ ಮಿತಿಯಿದೆ. ಕ್ಯಾಮೆರಾದಿಂದ ಬಂದ ಚಿತ್ರಗಳನ್ನು ಹಾಗೆಯೇ ಹಾಕಬೇಡಿ, ಮುದ್ರಣದ ಅಳತೆಗೆ ಕುಗ್ಗಿಸಿಕೊಳ್ಳಿ. ಅಧ್ಯಾಯಗಳನ್ನು ಬೇರೆ ಬೇರೆ ಕಡತಗಳಲ್ಲಿಟ್ಟು, ಇನ್‌ಕ್ಲೂಡ್‌ಓನ್ಲಿ ಆದೇಶದಿಂದ ಸದ್ಯ ತಿದ್ದುತ್ತಿರುವ ಅಧ್ಯಾಯವನ್ನಷ್ಟೇ ಕಂಪೈಲ್ ಮಾಡಿ. ಉಳಿದ ಅಧ್ಯಾಯಗಳ ಪುಟಸಂಖ್ಯೆ, ಅಡ್ಡ ಉಲ್ಲೇಖಗಳು ಹಿಂದಿನ ಸಲದ ಸಹಾಯಕ ಕಡತಗಳಿಂದ ಉಳಿದುಕೊಳ್ಳುತ್ತವೆ.

ಆದರೂ ಇಡೀ ಪ್ರಬಂಧವನ್ನು ಆನ್‌ಲೈನ್ ಸೇವೆಯೊಂದಕ್ಕೇ ಒಪ್ಪಿಸುವುದು ನನಗೆ ಸರಿ ಕಾಣುವುದಿಲ್ಲ, ಅದರಲ್ಲೂ ಘಟ್ಟದ ಮೇಲಾಗಲಿ ಕರಾವಳಿಯಲ್ಲಾಗಲಿ ಜುಲೈ ತಿಂಗಳಲ್ಲಿ ಸಂಪರ್ಕವನ್ನು ನಂಬಿ ಬರೆಯಲಾಗದು. ಲ್ಯಾಪ್‌ಟಾಪಿನಲ್ಲಿ ಟೆಕ್ ಲೈವ್ (ಲೇಟೆಕ್‌ನ ಎಂಜಿನ್, ಪ್ಯಾಕೇಜುಗಳ ಸಂಗ್ರಹ) ಮತ್ತು ಟೆಕ್‌ಸ್ಟುಡಿಯೋ (ಬರೆಯುವ ಸಂಪಾದಕ) ಸ್ಥಾಪಿಸಿಕೊಳ್ಳಿ. ಎರಡೂ ಉಚಿತ, ಅಲ್ಲಿ ಸಮಯದ ಮಿತಿಯೂ ಇಲ್ಲ. ಟೆಕ್ ಲೈವ್ ಪೂರ್ಣವಾಗಿ ಇಳಿಯಲು ಹಲವು ಜಿಬಿ ಬೇಕಾಗುವುದರಿಂದ ಆ ಕೆಲಸವನ್ನು ವಿಭಾಗದ ವೈಫೈನಲ್ಲಿ ಮುಗಿಸುವುದು ಒಳ್ಳೆಯದು. ಮೂಲ ಪ್ರತಿ ನಿಮ್ಮಲ್ಲಿಯೇ ಇರಲಿ. ಅಧ್ಯಾಯವೊಂದು ಮುಗಿದಾಗ ಮಾತ್ರ ಓವರ್‌ಲೀಫಿಗೆ ಏರಿಸಿ, ಮಾರ್ಗದರ್ಶಕರ ಟಿಪ್ಪಣಿ ಪಡೆದು, ತಿದ್ದುಪಡಿಯನ್ನು ಮೂಲದಲ್ಲೇ ಮಾಡಿ; ಎರಡೂ ಕಡೆ ಏಕಕಾಲಕ್ಕೆ ತಿದ್ದಲು ಹೋದರೆ ಯಾವುದು ಹೊಸತೆಂದು ತಿಳಿಯದೆ ಗೊಂದಲವಾಗುತ್ತದೆ. ಓವರ್‌ಲೀಫಿನ ಮೆನುವಿನಲ್ಲಿ ಟೆಕ್ ಲೈವ್‌ನ ವರ್ಷವನ್ನೂ ಆರಿಸಬಹುದಾದ್ದರಿಂದ, ನಿಮ್ಮ ಯಂತ್ರದಲ್ಲಿರುವ ವರ್ಷವನ್ನೇ ಅಲ್ಲಿಯೂ ಇಟ್ಟರೆ ಪ್ಯಾಕೇಜುಗಳ ಆವೃತ್ತಿಯ ತಕರಾರು ಕಡಿಮೆಯಾಗುತ್ತದೆ.