ಬೀಗರೂಟಕ್ಕೆ ಯಾವ ಕೋಲಾ? ಅನುಭವ ಇರೋರು ಹೇಳಿ

ಮದ್ದೂರು ಹೈದ: ಮುಂದಿನ ತಿಂಗಳು ತಂಗಿ ಬೀಗರೂಟ. 400 ಎಲೆ. ಮುದ್ದೆ, ಬೋಟಿ ಗೊಜ್ಜು, ಮಟನ್ ಸಾರು, ಬಿರಿಯಾನಿ. ಎಲೆಗೊಂದು ಕೂಲ್‌ಡ್ರಿಂಕ್ಸ್ ಇಡ್ಲೇಬೇಕು ಅಂತ ಅಪ್ಪ. ಅಪ್ಪನಿಗೆ ಥಮ್ಸ್ ಅಪ್ ಬಿಟ್ರೆ ಬೇರೆ ಗೊತ್ತಿಲ್ಲ, ಬೀಗರ ಕಡೆ ಹುಡುಗರು ಪೆಪ್ಸಿ ಅಂತಾರೆ, ನಮ್ಮತ್ತೆಗೆ ಕೋಕ್. ಕ್ಯಾಂಪಾ ಆದ್ರೆ ಅರ್ಧ ದುಡ್ಡು ಅಂತಾನೆ ಅಂಗಡಿಯೋನು. ಸಣ್ಣ ಬಾಟ್ಲೋ, ಎರಡು ಲೀಟರ್ ತಂದು ಲೋಟಕ್ಕೆ ಬಗ್ಗಿಸೋದೋ? ಮನೇಲಿರೋದು ಒಂದೇ ಫ್ರಿಡ್ಜು.

ಎಲೆ ಲೆಕ್ಕ: ಮಾಂಸದೂಟಕ್ಕೆ ಥಮ್ಸ್ ಅಪ್. ಇದ್ರಲ್ಲಿ ಕೇಳೋಕೇನೈತೆ? ಗ್ಯಾಸು ಮೊದಲು ಮೂಗಿಗೆ ಹತ್ತುತ್ತೆ, ಸಿಹಿ ಹಿಂದಿಂದ ಬರುತ್ತೆ, ನಾಲಿಗೆ ಮೇಲೆ ಕೂತ ಕೊಬ್ಬನ್ನ ಕೆರೆದು ತೆಗೆಯುತ್ತೆ. ಪೆಪ್ಸಿಲಿ ಸಿಹಿನೇ ಮುಂದೆ. ಬಿರಿಯಾನಿ ಜೊತೆ ಪಾಯಸ ಕುಡಿದಂಗೆ.

ಆದ್ರೆ ಬೆಚ್ಚಗಿದ್ರೆ ಯಾವುದೂ ಬಾಯಿಗಿಡೋ ಹಂಗಿರಲ್ಲ, ಐಸ್ ಲೆಕ್ಕ ಕೇಳಿ. 250 ಮಿಲಿ 400 ಬಾಟ್ಲಿ ಅಂದ್ರೆ 100 ಲೀಟರ್. 32 ಡಿಗ್ರಿಯಿಂದ 5ಕ್ಕೆ ಇಳಿಸೋಕೆ ಪುಸ್ತಕದ ಲೆಕ್ಕದಲ್ಲಿ 32 ಕೆಜಿ ಐಸ್ ಸಾಕು. ಡ್ರಮ್ಮು ಕಾಯುತ್ತೆ, ಹಾಕಿದ ನೀರೂ ತಣ್ಣಗಾಗಬೇಕು, ಗಾಡೀಲಿ ಬರ್ತಾನೇ ಒಂದಿಷ್ಟು ಕರಗುತ್ತೆ. 75 ಕೆಜಿಗೆ ಕಮ್ಮಿ ತರಬೇಡಿ. ಗಡ್ಡೆ ಹಂಗೇ ಮೇಲಿಟ್ರೆ ಕೆಳಗಿನ ಬಾಟ್ಲಿ ಬಿಸಿಯಾಗೇ ಇರುತ್ತೆ. ಗೋಣಿಚೀಲದಲ್ಲಿ ಸುತ್ತಿ ಕುಟ್ಟಿ, ಬಾಟ್ಲಿ ಒಂದು ಸಾಲು, ಐಸ್ ಒಂದು ಸಾಲು, ಆಮೇಲೆ ಬಾಟ್ಲಿ ಮುಳುಗೋಷ್ಟು ನೀರು. ನೀರಿಲ್ದೆ ಬರೀ ಐಸ್ ಹಾಕೋರು ಜಾಸ್ತಿ. ಐಸ್ ತುಂಡು ಬಾಟ್ಲಿಗೆ ಅಲ್ಲಲ್ಲಿ ಮಾತ್ರ ತಾಗುತ್ತೆ, ನೀರಾದ್ರೆ ಸುತ್ತಲೂ ತಬ್ಬುತ್ತೆ. ಮೊದಲ ಪಂಕ್ತಿಗೆ ಎರಡು ಗಂಟೆ ಮುಂಚೆ ಹಾಕಿ.

ಹುಬ್ಬಳ್ಳಿ ಸೋಡಾ: ಪಾಯಸ ಅಂತ ಪಾಯಸ. ಕಣ್ಣು ಕಟ್ಟಿ ಕೊಟ್ರ ಭಾಳ ಮಂದಿಗೆ ಯಾವ್ದು ಯಾವ್ದಂತ ಹೇಳಾಕ ಬರಂಗಿಲ್ರಿ. ಅವರೇ ಬ್ರ್ಯಾಂಡಿಗೆ ಜಗಳಾ ಆಡೋರು. ಮನ್ಯಾಗ ಮಾಡಿ ನೋಡ್ರಿ: ಮೂರೂ ಬಾಟ್ಲಿ ಒಂದೇ ಬಕೆಟ್‌ನ್ಯಾಗ ಅರ್ಧಾ ತಾಸು, ಮೂರೂ ಒಂದೇ ಹೊತ್ತಿಗೆ ಒಡೀಬೇಕು, ಒಂದೇ ನಮೂನಿ ಸ್ಟೀಲ್ ಲೋಟ, ತಳಕ್ಕ ನಂಬರ್ ಚೀಟಿ. ಸುರಿಯಾಂವ ಒಬ್ಬ, ಕೊಡಾಂವ ಇನ್ನೊಬ್ಬ. ನಡುವ ಮಂಡಕ್ಕಿ, ಒಂದು ಗುಟುಕು ನೀರು. ಒಂದು ಬಾಟ್ಲಿ ಹತ್ತು ನಿಮಿಷ ಮೊದಲ ಒಡದಿದ್ರ ಅದು ಸೋಲೋದು ಗ್ಯಾರಂಟಿ. ಗ್ಯಾಸ್ ಹೋಗಿರ್ತೈತಿ, ರುಚಿದ್ದೇನೂ ತಪ್ಪಿಲ್ಲ.

ಜಯನಗರ ನಾಲ್ಕನೇ ಬ್ಲಾಕ್: ಗುಟುಕಿನ ಪರೀಕ್ಷೆ ಊಟಕ್ಕೆ ಬರಲ್ಲ ಸ್ವಾಮಿ. 1975ರಲ್ಲಿ ಅಮೆರಿಕದಲ್ಲಿ ಪೆಪ್ಸಿ ಇದನ್ನೇ ಊರೂರಲ್ಲಿ ಮಾಡಿ ಗೆದ್ದಿತು. ಒಂದೇ ಗುಟುಕಾದರೆ ಸಿಹಿ ಜಾಸ್ತಿ ಇರೋದೇ ಹಿಡಿಸುತ್ತೆ. ಹೆದರಿದ ಕೋಕಾ-ಕೋಲಾ 1985ರಲ್ಲಿ ತನ್ನದನ್ನೂ ಸಿಹಿ ಮಾಡಿತು, ಜನ ತಿರುಗಿಬಿದ್ದರು, 79 ದಿನಕ್ಕೆ ಹಳೇ ರುಚಿ ವಾಪಸ್. ಇಡೀ ಬಾಟ್ಲಿ ಕುಡಿಯುವಾಗ ನಾಲಿಗೆ ಕೇಳೋದೇ ಬೇರೆ. ಅನ್ನದ ಜೊತೆ ಕೋಕ್, ಅದರ ದಾಲ್ಚಿನ್ನಿ-ವೆನಿಲಾ ಘಮ ಯಾವ ಮಸಾಲೆಗೂ ಅಡ್ಡ ಬರಲ್ಲ.

ಎಲೆ ಲೆಕ್ಕ: ಬೋಟಿ ಗೊಜ್ಜಿಗೆ ವೆನಿಲಾ ಘಮ! ಬೀಗರೂಟ ಉಂಡಿದ್ದೀರಾ ಸ್ವಾಮಿ?

ಪೆಟ್ಟಿಗೆ ಅಂಗಡಿ: ರುಚಿ ಆಮೇಲೆ, ಕಾಸಿನ ವಿಷಯ ಬನ್ನಿ. ಕ್ಯಾಂಪಾ 200 ಮಿಲಿ ಹತ್ತು ರೂಪಾಯಿ ಅಂತಲೇ ಮಾರ್ಕೆಟ್ಟಿಗೆ ಬಂದದ್ದು. ಉಳಿದವು 250ಕ್ಕೆ ಇಪ್ಪತ್ತು ಅಂತಿಟ್ಟುಕೊಂಡ್ರೆ ಮಿಲಿಗೆ 5 ಪೈಸೆ, 8 ಪೈಸೆ. ಅಂಗಡಿಯೋನು ಹೇಳಿದ ಅರ್ಧ ದುಡ್ಡು ಅಲ್ಲ ಅದು.

ಹುಬ್ಬಳ್ಳಿ ಸೋಡಾ: ಎಲಿಗೆ ಒಂದು ಬಾಟ್ಲಿ ಇಡಾಂವಗ ಮಿಲಿ ಲೆಕ್ಕ ಯಾಕ್ರಿ? 4,000 ಎಲ್ಲಿ, 8,000 ಎಲ್ಲಿ! ಅರ್ಧಾನ ಆತಲ್ಲ.

ಪೆಟ್ಟಿಗೆ ಅಂಗಡಿ: ಬಿರಿಯಾನಿ ಮುಗಿಯೋಕೆ ಮುಂಚೆ 200 ಖಾಲಿ ಆಗಿ ಇನ್ನೊಂದು ಕೇಳ್ತಾರಲ್ಲ, ಅದ್ಯಾರ ಲೆಕ್ಕ?

ಎರಡು ಲೀಟರ್ ವಿಷಯ. 150 ಮಿಲಿ ಲೋಟಕ್ಕೆ 13 ಬರಬೇಕು, ಬರೋದು 11. ಬಡಿಸೋ ಹುಡುಗರು ಲೋಟ ನೆಟ್ಟಗಿಟ್ಟು ಮೇಲಿಂದ ಸುರೀತಾರೆ, ನೊರೆ ಎಲೆ ಮೇಲೆ. ಲೋಟ ಓರೆ ಹಿಡಿದು ಗೋಡೆಗುಂಟ ಇಳಿಸಬೇಕು. 400 ಜನಕ್ಕೆ ಒಂದೊಂದೇ ಲೋಟ ಅಂದ್ರೂ 37 ಬಾಟ್ಲಿ. ಅರ್ಧ ಖಾಲಿಯಾದ ಬಾಟ್ಲಿ ಹಿಂಡಿ ಮುಚ್ಚಳ ಹಾಕೋ ಚಾಳಿ ಇದೆ, ಗ್ಯಾಸ್ ಉಳಿಯುತ್ತೆ ಅಂತ. ಉಲ್ಟಾ. ಹಿಂಡಿದ ಬಾಟ್ಲಿ ಉಬ್ಬೋಕೆ ದಾರಿ ಹುಡುಕುತ್ತೆ, ಒಳಗಿನ ಗ್ಯಾಸೇ ಹೊರಬಂದು ಅದನ್ನ ತುಂಬುತ್ತೆ.

ಸಣ್ಣ ಪ್ಲಾಸ್ಟಿಕ್ ಬಾಟ್ಲಿ ತರೋರು ಡೇಟ್ ನೋಡಿ. ಪ್ಲಾಸ್ಟಿಕ್ ಗೋಡೆಯಿಂದಲೇ ಗ್ಯಾಸ್ ಸೋರುತ್ತೆ. ಬಾಟ್ಲಿ ಸಣ್ಣದಾದಷ್ಟೂ ಒಳಗಿರೋದಕ್ಕಿಂತ ಗೋಡೆ ಜಾಸ್ತಿ, ಅದಕ್ಕೇ ಬೇಗ ಸಪ್ಪೆ. ಹೆಬ್ಬೆರಳಲ್ಲಿ ಒತ್ತಿ, ಕಲ್ಲಿನ ಹಾಗಿರಬೇಕು. ಮೆತ್ತಗಿದ್ರೆ ಆ ಕೇಸೇ ವಾಪಸ್ ಕೊಡಿ. ಬಿಸಿಲಲ್ಲಿ ಗಾಡಿ ಮೇಲೆ ಬೆಂದ ಮಾಲಿಗೆ ಯಾವ ಕಂಪನಿ ಹೆಸರಿದ್ರೇನು? ಗಾಜಿನ ಬಾಟ್ಲಿ ಸಿಕ್ಕಿದ್ರೆ ಅದೇ ರಾಜ. ಕ್ರೇಟಿಗೆ 24, 400ಕ್ಕೆ 17 ಕ್ರೇಟ್. ಒಡೆದದ್ದು, ಕಳೆದದ್ದು ಡಿಪಾಸಿಟ್‌ನಲ್ಲಿ ಮುರೀತಾರೆ, ಖಾಲಿ ಬಾಟ್ಲಿ ಎಣಿಸೋಕೆ ಒಬ್ಬನ್ನ ನಿಲ್ಲಿಸಿ.

ಸ್ವದೇಶಿ ಬಳಗ: ವಿದೇಶಿ ಕೋಕು ಪೆಪ್ಸಿ ಯಾಕ್ರೀ? ನಮ್ಮದೇ ಥಮ್ಸ್ ಅಪ್ ಕೊಡಿ, ಮಾತು ಮುಗೀತು.

ಜಯನಗರ ನಾಲ್ಕನೇ ಬ್ಲಾಕ್: ಪಾರ್ಲೆಯ ಚೌಹಾಣರು ಅದನ್ನ ಕೋಕಾ-ಕೋಲಾಗೆ ಮಾರಿದ್ದು 1993ರಲ್ಲಿ. ಮೂವತ್ತು ವರ್ಷದ ಮೇಲಾಯ್ತು. ನೀವು ಬಹಿಷ್ಕಾರ ಹಾಕ್ತಿರೋದಕ್ಕೂ ಕುಡೀತಿರೋದಕ್ಕೂ ಮಾಲೀಕ ಒಬ್ಬನೇ.

ಸ್ವದೇಶಿ ಬಳಗ: ರುಚಿ ನಮ್ಮ ದೇಶದ್ದೇ ತಾನೆ? ಸುಮ್ನೆ ಹುಳುಕು ಹುಡುಕಬೇಡಿ.

ಕುಡ್ಲದವ: ಕೋಕಾ-ಕೋಲಾವನ್ನು 1977ರಲ್ಲಿ ಓಡಿಸಿದ್ದೇ ನಮ್ಮ ಮಂಗಳೂರಲ್ಲಿ ಹುಟ್ಟಿದ, ಆಗ ಕೇಂದ್ರದಲ್ಲಿ ಕೈಗಾರಿಕಾ ಮಂತ್ರಿಯಾಗಿದ್ದ ಜಾರ್ಜ್ ಫರ್ನಾಂಡಿಸ್ ಮಾರಾಯ್ರೆ.

ಜಯನಗರ ನಾಲ್ಕನೇ ಬ್ಲಾಕ್: ಓಡಿಸಿದ್ದಲ್ಲ. ವಿದೇಶಿ ವಿನಿಮಯ ಕಾಯ್ದೆ ಪ್ರಕಾರ ಪಾಲು 40 ಪರ್ಸೆಂಟಿಗೆ ಇಳಿಸಿ ಅಂದರು, ಅವರು ಒಪ್ಪದೆ ಹೋದರು.

ಕುಡ್ಲದವ: ಬಾಗಿಲು ತೋರಿಸಿದ ಮೇಲೆ ಹೋದದ್ದಕ್ಕೆ ನಿಮ್ಮಲ್ಲಿ ಬೇರೆ ಹೆಸರು ಉಂಟಾ?

ಚಾಮರಾಜಪುರಂ: ಆ ಖಾಲಿ ಜಾಗಕ್ಕೆ ಸರ್ಕಾರವೇ ಡಬಲ್ ಸೆವೆನ್ ಅಂತ ಕೋಲಾ ತಂದದ್ದು ಯಾರಿಗೂ ನೆನಪಿಲ್ಲ ಅಲ್ವಾ? ಅದರ ಸಾರ ತಯಾರಾದದ್ದು ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ. ಮಾರಿದ್ದು ಬ್ರೆಡ್ ಮಾಡೋ ಸರ್ಕಾರಿ ಕಂಪನಿ ಮಾಡರ್ನ್.

ಎಲೆ ಲೆಕ್ಕ: ಬ್ರೆಡ್ಡಿನೋರ ಕೈಲಿ ಕೋಲಾ ಮಾರಿಸಿದ್ರೆ ಇನ್ನೇನಾಗುತ್ತೆ.

ಪುತ್ತೂರಿನಿಂದ: ಕೋಲಾವೇ ಯಾಕೆ ಅಂತ ನನ್ನ ಪ್ರಶ್ನೆ. ಬಿಂದು ಜೀರಾ ಕೊಡಿ. ಉಪ್ಪು, ಜೀರಿಗೆ, ಮಾಂಸದ ಊಟಕ್ಕೆ ಹೇಳಿ ಮಾಡಿಸಿದ ಹಾಗೆ. 250 ಮಿಲಿ ಕೋಲಾದಲ್ಲಿ 25 ಗ್ರಾಂ ಮೇಲೆ ಸಕ್ಕರೆ ಉಂಟು, ಐದಾರು ಚಮಚ.

ಹುಬ್ಬಳ್ಳಿ ಸೋಡಾ: ಜೀರಾದಾಗ ಏನ್ ಸಕ್ರಿ ಹಾಕಂಗಿಲ್ಲೇನ್ರಿ? ಲೇಬಲ್ ಓದ್ರಿ.

ಸ್ವದೇಶಿ ಬಳಗ: ಜಿಎಸ್‌ಟಿ ಇಳೀತಲ್ಲ, ರೇಟ್ ಕಮ್ಮಿ ಮಾಡಿ ಕೇಳಿ.

ಪೆಟ್ಟಿಗೆ ಅಂಗಡಿ: ಎಲ್ಲಿ ಇಳೀತು? ಮೊದಲು 28ರ ಮೇಲೆ ಸೆಸ್ 12, ಒಟ್ಟು 40. 2025ರ ಸೆಪ್ಟೆಂಬರ್ 22ರಿಂದ ಸೀದಾ 40. ದಿನಾ ಇದೇ ಜಗಳ ಅಂಗಡಿ ಮುಂದೆ. ಬಿಸ್ಕತ್ತಿನ ಸುದ್ದಿ ಓದ್ಕೊಂಡು ಬಂದು ಕೋಲಾಕ್ಕೆ ರೇಟ್ ಇಳ್ಸು ಅಂತಾರೆ.

ಮದ್ದೂರು ಹೈದ: ಅಣ್ಣಂದಿರಾ, 1977 ಬಿಡಿ, ನನ್ನ ಎಲೆ 400. ಐಸ್ ಕಮ್ಮಿ ಬಿದ್ರೆ ಉಪ್ಪು ಹಾಕಬಹುದಾ? ಉಳಿದ ಬಾಟ್ಲಿ ವಾಪಸ್ ತಗೋತಾರಾ?

ಎಲೆ ಲೆಕ್ಕ: ಹಾಕಬಹುದು, ಆದ್ರೆ ಐಸ್ ಬದಲಿಗಲ್ಲ. ಐಸ್ ಮೇಲೆ ಕಲ್ಲುಪ್ಪು ಎರಚಿದ್ರೆ ನೀರು ಸೊನ್ನೆಗಿಂತ ಕೆಳಗಿಳಿಯುತ್ತೆ, ಇಪ್ಪತ್ತು ನಿಮಿಷಕ್ಕೆ ಬಾಟ್ಲಿ ತಣ್ಣಗೆ. ಐಸೂ ಅಷ್ಟೇ ಬೇಗ ಕರಗುತ್ತೆ. ಮರೆತು ಅಲ್ಲೇ ಬಿಟ್ರೆ ಒಳಗೆ ಹರಳುಗಟ್ಟುತ್ತೆ, ಮುಚ್ಚಳ ತಿರುಗಿಸಿದ್ರೆ ಅರ್ಧ ಬಾಟ್ಲಿ ಬೀಗರ ಪಂಚೆ ಮೇಲೆ. ಗಾಜಿನದಾದ್ರೆ ಸೀಳೇ ಬಿಡುತ್ತೆ, ಅದಕ್ಕೆ ಉಪ್ಪು ತೋರಿಸ್ಲೇಬೇಡಿ. ಕೊನೇ ಪಂಕ್ತಿಗೆ ಮಾತ್ರ ಇಟ್ಕೊಳ್ಳಿ. ಕುಟ್ಟಿದ ಗಡ್ಡೆ ಐಸ್ ಲೋಟಕ್ಕೆ ಹಾಕಬೇಡಿ, ಅದು ಯಾವ ನೀರೋ ದೇವರೇ ಬಲ್ಲ.

ಪೆಟ್ಟಿಗೆ ಅಂಗಡಿ: ವಾಪಸ್ ಬಗ್ಗೆ ಅಡ್ವಾನ್ಸ್ ಕೊಡುವಾಗಲೇ ಚೀಟೀಲಿ ಬರೆಸಿ. ಕಟ್ಟು ಬಿಚ್ಚದ, ಲೇಬಲ್ ನೆನೆಯದ ಕೇಸ್ ಮಾತ್ರ ತಗೋತಾರೆ. 400ನ್ನೂ ಒಟ್ಟಿಗೆ ಡ್ರಮ್ಮಿಗೆ ಸುರೀಬೇಡಿ. ಮೊದಲ ಪಂಕ್ತಿಗೆ 150, ಎಲೆ ಎತ್ತೋ ಹೊತ್ತಿಗೆ ಮುಂದಿನ 100.

ಹುಬ್ಬಳ್ಳಿ ಸೋಡಾ: ಅದ್ರಾಗ ಪೆಪ್ಸಿ ನೂರು ಇರ್ಲಿ. ಬೀಗರ ಹುಡುಗ್ರು ಕೇಳ್ಯಾರ.

ಎಲೆ ಲೆಕ್ಕ: ಐವತ್ತು ಸಾಕು. ಡ್ರಮ್ ಬೇರೆ ಇಡಿ, ಇಲ್ಲಾಂದ್ರೆ ಬಡಿಸೋ ಹುಡುಗ ತಣ್ಣನೆ ನೀರಲ್ಲಿ ಕೈ ಹಾಕಿ ಥಮ್ಸ್ ಅಪ್ ಹುಡುಕೋಷ್ಟರಲ್ಲಿ ಪಂಕ್ತಿನೇ ಎದ್ದಿರುತ್ತೆ.