ಸಹಾಯ ಬೇಕು: ಮದುವೆ ವಿಡಿಯೊ ಫೋನಿನಿಂದ ಇಳಿಸೋಕೆ ಯುಎಸ್‌ಬಿ 2.0 ಸಾಲುತ್ತಾ?

ನಮಸ್ಕಾರ ರೀ ಎಲ್ಲರಿಗೂ. ಗಂಗಾವತಿಯಲ್ಲಿ ಮದುವೆ ಶೂಟಿಂಗ್ ಮಾಡುವ ನಮ್ಮ ತಂಡಕ್ಕೆ ಹೊಸ ಫೋನ್ ಬೇಕಾಗಿದೆ. ಬಜೆಟ್‌ಗೆ ಸಿಗುವ ಬಹುತೇಕ ಫೋನ್‌ಗಳಲ್ಲಿ ಟೈಪ್-ಸಿ ಇದ್ದರೂ ಒಳಗಿರುವುದು ಹಳೆಯ, ನಿಧಾನದ ಯುಎಸ್‌ಬಿ 2.0. ಐಫೋನ್ 15ರಲ್ಲೂ ಅಷ್ಟೇ. 15 ಪ್ರೊಗೆ ಮಾತ್ರ ಯುಎಸ್‌ಬಿ 3, ಅಂದರೆ ಸೆಕೆಂಡಿಗೆ 10 ಗಿಗಾಬಿಟ್ ವೇಗ.

"ಈಗ ಕೇಬಲ್ ಯಾರು ಹಾಕ್ತಾರೆ, ವೈ-ಫೈ ಇದೆಯಲ್ಲ" ಅನ್ನುವವರಿದ್ದಾರೆ. ಫೋಟೊಗಳಿಗೆ ಒಪ್ಪೋಣ. ಆದರೆ 200 ಜಿಬಿ 4ಕೆ ವಿಡಿಯೊ? ಯುಎಸ್‌ಬಿ 2.0ರ 480 ಮೆಗಾಬಿಟ್ ಅಂದರೆ ಕೈಗೆ ಸಿಗುವುದು ಸೆಕೆಂಡಿಗೆ 35 ಎಂಬಿ ಆಸುಪಾಸು, ಒಂದೂವರೆ ತಾಸು ಬೇಕು. ವೈ-ಫೈ ಅಂದರೆ ಕಲ್ಯಾಣ ಮಂಟಪದಲ್ಲಿ ಒಳ್ಳೆ ರೂಟರ್ ಎಲ್ಲಿಂದ ತರೋದು? ಕೇಬಲ್‌ನಲ್ಲೂ ನಡುವೆ ಫೋನ್ ಲಾಕ್ ಆಗಿ ಎಂಟಿಪಿ (ಫೋನಿನಿಂದ ಕಂಪ್ಯೂಟರಿಗೆ ಫೈಲ್ ಕಳಿಸುವ ಸಂಪರ್ಕ) ಕಡಿದರೆ ಅರ್ಧಕ್ಕೆ ನಿಂತ ಫೈಲನ್ನು ಮತ್ತೆ ಮೊದಲಿಂದ ಕಾಪಿ ಮಾಡಬೇಕು.

ಯುಎಸ್‌ಬಿ 3 ಫೋನ್ ಇರುವವರು ದಯವಿಟ್ಟು ಒಂದು ಪರೀಕ್ಷೆ ಮಾಡಿ ತಿಳಿಸಿ. ಫೋನಿಗೆ ನೇರವಾಗಿ ಎಸ್‌ಎಸ್‌ಡಿ (ಹೊರಗಿನ ವೇಗದ ಸ್ಟೋರೇಜ್ ಡ್ರೈವ್) ಜೋಡಿಸಿ, 10 ಜಿಬಿಯ ಒಂದೇ ಫೈಲ್ ಕಾಪಿ ಮಾಡಿ. ನಾಲ್ಕೈದು ನಿಮಿಷ ಹಿಡಿದರೆ ಅದು 2.0 ವೇಗ. ಆಗ ಮೊದಲು ಕೇಬಲ್ ನೋಡಿ: ಚಾರ್ಜರ್ ಜೊತೆ ಬರುವ ಕೇಬಲ್‌ನಲ್ಲಿ ಸಾಮಾನ್ಯವಾಗಿ ವೇಗದ ಡೇಟಾ ತಂತಿಗಳೇ ಇರೋದಿಲ್ಲ, 60 ವ್ಯಾಟ್ ಚಾರ್ಜ್ ಮಾಡಿದರೂ ಅಷ್ಟೇ. ಎಸ್‌ಎಸ್‌ಡಿ ಎಕ್ಸ್‌ಫ್ಯಾಟ್ ಫಾರ್ಮ್ಯಾಟ್‌ನಲ್ಲಿರಲಿ. ಫ್ಯಾಟ್32ರಲ್ಲಿ 4 ಜಿಬಿ ದಾಟಿದ ಫೈಲ್ ಕೂರುವುದಿಲ್ಲ.

ಫೋನ್ ಮಾಡೆಲ್, ಹಿಡಿದ ಸಮಯ, ಫೋನ್ ಬಿಸಿಯಾಗಿ ವೇಗ ಇಳಿಯಿತಾ ಅನ್ನೋದನ್ನ ಬರೀರಿ. ಬಳ್ಳಾರಿ, ಕೊಪ್ಪಳದಲ್ಲಿ 10 ಗಿಗಾಬಿಟ್ ಕೇಬಲ್ ಯಾವ ಅಂಗಡಿಯಲ್ಲಿ ಸಿಗುತ್ತೆ ಅಂತಲೂ ಹೇಳಿ. ಲಗ್ನದ ಸೀಸನ್ ಮುಂಚೆಯೇ ತಗೋಬೇಕು.