ಪದಸೂಚಿಯಲ್ಲಿ ‘-ಟಿ’ ಯಾವ ಅಕ್ಷರದ ಕೆಳಗೆ? ‘ಆಪ್ಷನ್’ಗೆ ಪದ ಯಾವುದು?

ಎಲ್ಲರಿಗೂ ನಮಸ್ಕಾರ,

ಲಿನಕ್ಸ್ ಕಲಿಯುವ ನಮ್ಮೂರಿನ ಹುಡುಗರಿಗಾಗಿ ಎಸ್‌ಎಸ್‌ಎಚ್-ಏಜೆಂಟ್ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬೇರೆ ಕಂಪ್ಯೂಟರಿಗೆ ಲಾಗಿನ್ ಆಗಲು ಬೇಕಾದ ಡಿಜಿಟಲ್ ಕೀಲಿಗಳನ್ನು ನೆನಪಿಟ್ಟುಕೊಳ್ಳುವ ಪ್ರೋಗ್ರಾಂ ಅದು. ನಾಳೆ ಸಂಜೆ ಅಚ್ಚಿಗೆ ಕೊಡಬೇಕು. ಪದಸೂಚಿ ಮಾತ್ರ ಬಾಕಿ.

ಆಜ್ಞೆಯ ಹಿಂದೆ ಬರೆಯುವ ಆಪ್ಷನ್ನುಗಳಲ್ಲಿ ‘-ಟಿ 3600’ (ಸೆಕೆಂಡು) ಅಂದರೆ ಕೀಲಿ ಏಜೆಂಟಿನ ಹತ್ತಿರ ಒಂದು ಗಂಟೆ ಇರುತ್ತದೆ. ‘-ಕೆ’ ಕೊಟ್ಟರೆ ಏಜೆಂಟೇ ನಿಲ್ಲುತ್ತದೆ. ಇವನ್ನು ಅಡ್ಡಗೆರೆಯ ಕೆಳಗೆ ಒಟ್ಟಿಗೆ ಹಾಕಲಾ, ಟ, ಕ ಅಂತ ಹಂಚಲಾ? ಇನ್ನೊಂದು ತೊಡಕು. ಏಜೆಂಟಿಗೆ ಕೀಲಿ ಸೇರಿಸುವ, ತೆಗೆಯುವ ಆಜ್ಞೆಯಾದ ಎಸ್‌ಎಸ್‌ಎಚ್-ಆಡ್‌ನಲ್ಲಿ ಸಣ್ಣ ಡಿ ಹೇಳಿದ ಕೀಲಿಯನ್ನಷ್ಟೇ ತೆಗೆಯುತ್ತದೆ, ದೊಡ್ಡ ಡಿ ಎಲ್ಲವನ್ನೂ ತೆಗೆದುಬಿಡುತ್ತದೆ. ನಮ್ಮ ಲಿಪಿಯಲ್ಲಿ ಎರಡೂ ಒಂದೇ. ಆಪ್ಷನ್‌ಗೆ ‘ಆಯ್ಕೆ’ ಅಂತ ಬರೆದಿದ್ದೇನೆ, ಸರಿ ಅಲ್ವಾ?
(ತುಮಕೂರು)

‘ಆಯ್ಕೆ’ ಬೇಡ. ಮೂಲ ‘ಆಯ್’. ಅಕ್ಕಿಯಲ್ಲಿ ಕಲ್ಲು ಆಯುತ್ತಾರೆ, ಹೊಲದಲ್ಲಿ ಬಿದ್ದ ತೆನೆ ಆಯುತ್ತಾರೆ. ಇದ್ದದ್ದರಿಂದ ಹೆಕ್ಕುವುದು ಅದು. ‘-ಟಿ’ಯನ್ನು ಹೆಕ್ಕುವುದಿಲ್ಲ, ಆಜ್ಞೆಯ ಹಿಂದೆ ಸೇರಿಸುತ್ತೀರಿ. ‘ಸೇರಿಕೆ’ ಅನ್ನಿ.

‘ಕೀಲಿ’ಯೂ ತಪ್ಪು. ನಮ್ಮ ಕಡೆ ಬೀಗ, ಬೀಗದ ಕೈ. ಧಾರವಾಡದ ಕಡೆ ಕೀಲಿ ಅಂದರೆ ಬೀಗವೇ. ನೀವು ‘ಏಜೆಂಟಿಗೆ ಕೀಲಿ ಹಾಕಿ’ ಅಂತ ಬರೆದರೆ ಅಲ್ಲಿನವರು ಏಜೆಂಟಿಗೇ ಬೀಗ ಜಡಿಯಲು ಹೊರಡುತ್ತಾರೆ. ಆ ಕೆಲಸಕ್ಕೆ ‘-ಎಕ್ಸ್’ ಬೇರೆ ಇದೆ.
(ಕೋಲಾರ)

‘ಸೇರಿಕೆ’ ಯಾರೂ ಆಡದ ಮಾತು. ಆಪ್ಷನ್ ಅಂತಲೇ ಬಿಡಿ. ಕನ್ನಡಿಗರು ಎಷ್ಟೋ ಕಡೆ ಹೇಳುವ ‘ಚಾವಿ’ ಪೋರ್ಚುಗೀಸರದು. ಅದರಿಂದ ಯಾರ ಕನ್ನಡ ಕೆಟ್ಟಿತು? ನಮ್ಮ ಗಡಿಯ ತೆಲುಗಿನವರು ‘ತಾಳಂ ಚೆವಿ’ ಅನ್ನುತ್ತಾರೆ. ನಾವು ಬೀಗಕ್ಕೆ ಕೈ ಕೊಟ್ಟೆವು, ಅವರು ಕಿವಿ ಕೊಟ್ಟರು. ಇದರಲ್ಲಿ ಯಾವುದು ತಪ್ಪು?

ಪದಸೂಚಿಗೆ ಬನ್ನಿ. ‘-ಟಿ’ ಗೊತ್ತಿಲ್ಲದವನು ಅದನ್ನು ಟ ಕೆಳಗೆ ಯಾಕೆ ಹುಡುಕುತ್ತಾನೆ? ‘ಅವಧಿ’ ಅಂತ ಹುಡುಕುತ್ತಾನೆ. ಅದನ್ನು ಅ ಕೆಳಗೆ ಹಾಕಿ, ಪಕ್ಕದಲ್ಲಿ ‘-ಟಿ’ ಬರೆಯಿರಿ.
(ಚಿಕ್ಕಬಳ್ಳಾಪುರ)

ಚಾವಿ ವಸ್ತುವಿನ ಜೊತೆ ಬಂತು, ಜನರ ಬಾಯಲ್ಲಿ ತಿರುಗಿ ನಮ್ಮದಾಯಿತು. ಆಪ್ಷನ್ ಬಂದದ್ದು ನಾವು ಪದ ಹುಡುಕದೇ ಇದ್ದದ್ದಕ್ಕೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.
(ಕೋಲಾರ)

ಇಬ್ಬರಿಗೂ ಥ್ಯಾಂಕ್ಸ್. ‘ಆಯ್ಕೆ’ಯನ್ನೇ ಇಟ್ಟುಕೊಂಡೆ. ಕೋಲಾರದವರು ಬೇಜಾರು ಮಾಡಿಕೊಳ್ಳಬಾರದು, ಹುಡುಗರು ಮೊಬೈಲಿನಲ್ಲಿ ದಿನಾ ನೋಡುವ ಪದ ಅದು. ಆದರೆ ಕೀಲಿ ವಿಷಯದಲ್ಲಿ ನಿಮ್ಮ ಮಾತೇ ಸರಿ. ಬೆಳಿಗ್ಗೆಯಿಂದ ಕೂತು ಎಲ್ಲ ಕಡೆ ‘ಬೀಗದ ಕೈ’ ಮಾಡಿದೆ. ಕೈಗೆ ‘ಸೇರಿಸು’, ಬೀಗಕ್ಕೆ ಮಾತ್ರ ‘ಹಾಕು’. ಅವಧಿ ಅ ಕೆಳಗೆ ಹೋಯಿತು. ಗೊತ್ತಿದ್ದವರಿಗಾಗಿ ‘-ಟಿ’ಯನ್ನು ಟ ಕೆಳಗೂ ಇಟ್ಟಿದ್ದೇನೆ. ‘ಸಣ್ಣ ಡಿ’, ‘ದೊಡ್ಡ ಡಿ’ ಅಂತ ಬಿಡಿಸಿಯೇ ಬರೆದೆ. ಒಬ್ಬ ಹುಡುಗ ಅದನ್ನು ತಪ್ಪಾಗಿ ಓದಿದರೆ ಏಜೆಂಟಿನಲ್ಲಿ ಸೇರಿಸಿದ್ದೆಲ್ಲ ಹೋಗುತ್ತದೆ.

ಈಗ ‘ಬೀಗ ಹಾಕು’, ‘ಬೀಗ ತೆಗೆ’, ‘ಬೀಗದ ಕೈ’ ಮೂರೂ ಬ ಕೆಳಗೆ ಒಂದರ ಹಿಂದೊಂದು ಬಂದಿವೆ. ಓದುವವರಿಗೆ ಗೊಂದಲ ಆಗುತ್ತಾ? ಮಧ್ಯಾಹ್ನದೊಳಗೆ ಯಾರಾದರೂ ಹೇಳಿ.
(ತುಮಕೂರು)